ಗುಮಾಸ್ತರ ಸಮಾಧಿ

ನನ್ನ ಪಾಲಿಗೆ ಇಂಥವು ಒಂದಾದ ಮೇಲೆ ಒಂದು ನಡೆಯುತ್ತಲೇ ಬಂದಿವೆ. ಅಳಬೇಕೆಂದು ಸೆರಗನ್ನು ಕಣ್ಣಿಗೆ ಒತ್ತಿಕೊಂಡಿರುತ್ತೇನೆ, ಅಷ್ಟರಲ್ಲಿ ಯಾರಾದರೂ ಏನಾದರೂ ಅಂದುಬಿಡುತ್ತಾರೆ, ಸೆರಗು ಮೆಲ್ಲಗೆ ಬಾಯಿಗೆ ಇಳಿಯುತ್ತದೆ. ನೋಡಿದವರು ದುಃಖ ತಡೆಯಲಾರದೆ ಹಾಗೆ ಮಾಡಿದಳು ಅಂದುಕೊಳ್ಳುತ್ತಾರೆ. ಅದೂ ಸುಳ್ಳಲ್ಲ.

ನಾವು ಹಾವೇರಿ ಕಡೆಯವರು. ನಮ್ಮವರು ವಿಮೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಹಮದಾಬಾದಿಗೆ ವರ್ಗವಾಗಿ ಬಂದಾಗ ಗುಜರಾತ್ ಬೇರೆ ರಾಜ್ಯವಾಗಿ ಇನ್ನೂ ಹೊಸತು. ಬಂದು ಕೆಲವು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಮೋರಿಯ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದವರು ಹಾಗೆಯೇ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಶಾಲೆಗೆ ಹೊರಟು ನಿಂತಿದ್ದಳು.

ಲಿಂಗಾಯತರು ನಾವು, ಸತ್ತವರನ್ನು ಸುಡುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂಡಿಸಿ ಮಣ್ಣು ಕೊಡುತ್ತೇವೆ. ಮೇಲೆ ಒಂದು ಕಲ್ಲು ನಿಲ್ಲಿಸುತ್ತೇವೆ. ಅದಕ್ಕೆ ಸಮಾಧಿ ಅನ್ನುತ್ತೇವೆ. ನಮ್ಮೂರಿನಲ್ಲಿ ಗೌಡರಿಗೂ ಸಮಾಧಿ, ಗೌಡರ ಎತ್ತು ಕಾಯುವವನಿಗೂ ಸಮಾಧಿ. ಗುಜರಾತಿನ ನಮ್ಮ ನೆರೆಯವರು ಆ ಮಾತನ್ನು ದೊಡ್ಡ ಸಾಧುಗಳಿಗೆ ಮಾತ್ರ ಎತ್ತಿಟ್ಟಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ. ಮುಂದೆ ನಡೆದದ್ದೆಲ್ಲ ಅದರಿಂದಲೇ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಹುಟ್ಟಿದ ಊರಿನಿಂದ ಅಷ್ಟು ದೂರ ಬಂದು ಮಣ್ಣಾದ ಮನುಷ್ಯನ ಗುರುತು ಅಳಿಸಿಹೋಗಬಾರದು. ಒಂದು ಕಲ್ಲು, ಅದರ ಮೇಲೆ ಕನ್ನಡದಲ್ಲಿ ಅವರ ಹೆಸರು, ಅದು ಅಲ್ಲಿಯೇ ಇರಬೇಕು. ಇಷ್ಟೇ.

ಕುರ್ಚಿ

ನಾವಿದ್ದದ್ದು ಮಣಿನಗರದ ಒಂದು ಚಾಳಿನಲ್ಲಿ. ಎದುರು ಮನೆಯ ಮುದುಕಿಯನ್ನು ಎಲ್ಲರೂ ‘ಬಾ’ ಎಂದು ಕರೆಯುತ್ತಿದ್ದರು, ಅಂದರೆ ಅಮ್ಮ. ನಾನು ಗೋಡೆಗೊರಗಿ ಕೂತಿದ್ದ ಹೊತ್ತಿನಲ್ಲಿ ಬಾ ನಿಂತು ಎಲ್ಲ ವ್ಯವಸ್ಥೆ ಮಾಡಿಸಿಬಿಟ್ಟಿದ್ದಳು. ಬಿದಿರು ಬಂದಿತ್ತು. ಸ್ಮಶಾನಕ್ಕೆ ಕಟ್ಟಿಗೆಯ ಗಾಡಿ ಹೊರಟುಹೋಗಿತ್ತು. ಒಳ್ಳೆಯ ಒಣಗಿದ ಕಟ್ಟಿಗೆ ಎಂದು ನನ್ನ ಸಮಾಧಾನಕ್ಕೆ ಹೇಳಿದರು.

ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ಇಟ್ಟಿದ್ದ ಭಟ್ಟರು ಸುದ್ದಿ ಕೇಳಿ ಓಡಿ ಬಂದರು. ಆ ಊರಿನಲ್ಲಿ ನನ್ನ ಭಾಷೆಯ ಮನುಷ್ಯ ಎಂದರೆ ಅವರೊಬ್ಬರೇ.

“ಭಟ್ರೇ, ನಮ್ಮಾಗ ಸುಡೂದಿಲ್ರೀ. ಕೂಡಿಸಿ ಮಣ್ಣು ಕೊಡಬೇಕು. ಇವರಿಗೆ ಹೇಳ್ರೀ,” ಅಂದೆ.

ಭಟ್ಟರು ತಲೆ ಕೆರೆದುಕೊಂಡರು. “ಕಟ್ಟಿಗೆ ಹೋಗಿ ಆಯ್ತಲ್ಲ ಅಕ್ಕ. ಆಗ್ಲಿ, ಹೇಳಿ ನೋಡ್ತೇನೆ.”

ಅವರು ಹೇಳಿದ್ದನ್ನು ಕೇಳಿ ಅಂಗಳದಲ್ಲಿ ಇದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಆಮೇಲೆ ಪಿಸುಮಾತು ಶುರುವಾಯಿತು. “ಮುಸಲ್ಮಾನರಾ?” “ಇಲ್ಲಪ್ಪ, ದಿನಾ ವಿಭೂತಿ ಹಚ್ಚುತ್ತಿದ್ದರು.” “ಹಾಗಾದರೆ ಕಿರಿಸ್ತಾನರೇನೋ, ಮದ್ರಾಸಿನ ಕಡೆ ಬಹಳ ಇದ್ದಾರಂತೆ.” ಹಾವೇರಿ ಮದ್ರಾಸಿನ ಕಡೆ ಅಲ್ಲ ಎಂದು ಹೇಳುವ ತ್ರಾಣ ನನಗೆ ಇರಲಿಲ್ಲ.

ಬಾ ಮಾತ್ರ ಗದರಿದಳು. “ಇದರಲ್ಲಿ ಏನು ಆಶ್ಚರ್ಯ? ವಟ್ವಾ ದಾರಿಯಲ್ಲಿ ಗೋಸಾಯಿ ಬಾವಾಗಳ ಮಠ ಇದೆ. ಅವರೂ ಕೂಡಿಸಿಯೇ ಇಡುತ್ತಾರೆ. ಅಲ್ಲಿಗೆ ಒಯ್ಯಿರಿ.”

ಕೂಡಿಸಿ ಒಯ್ಯಲು ಕುರ್ಚಿ ಬೇಕಾಯಿತು. ಬಾ ತನ್ನ ಮನೆಯ ಬೆತ್ತದ ಕುರ್ಚಿಯನ್ನೇ ಕೊಟ್ಟಳು. ಚಟ್ಟ ಕಟ್ಟಲು ತಂದ ಬಿದಿರನ್ನೇ ಅದರ ಎರಡು ಪಕ್ಕಕ್ಕೆ ಕಟ್ಟಿದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಕೊರಳು ತುಂಬ ಚೆಂಡು ಹೂ. ನಮ್ಮವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಹೊರಟರು. ನಾನೂ ಮಗಳೂ ಹಿಂದೆ ನಡೆದೆವು. ಆ ಊರಿನಲ್ಲಿ ಹೆಂಗಸರು ಹೋಗುವ ರೂಢಿ ಇರಲಿಲ್ಲ, ಆದರೆ ಕುರ್ಚಿಯನ್ನೇ ಒಪ್ಪಿಕೊಂಡವರು ನಮ್ಮನ್ನು ತಡೆಯಲಿಲ್ಲ.

ದಾರಿಯಲ್ಲಿ ಜನ ಕೈಮುಗಿಯತೊಡಗಿದರು. ಹೆಣಕ್ಕೆ ಮುಗಿಯುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ದರ್ಜಿ ಅಂಗಡಿಯಿಂದ ಇಳಿದು ಬಂದು ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಭಟ್ಟರನ್ನು ಕೇಳಿದ.

“ಮಹಾರಾಜರು ಎಲ್ಲಿಗೆ ಹೊರಟಿದ್ದಾರೆ?”

ಭಟ್ಟರು ಬಿದಿರನ್ನು ಹೆಗಲು ಬದಲಿಸಿಕೊಂಡರು. “ದೂರ,” ಅಂದರು.

“ತಿರುಗಿ ಬರುವುದು?”

“ಇಲ್ಲಪ್ಪ. ಇನ್ನು ಅಲ್ಲೇ.”

ದರ್ಜಿ ನಮ್ಮವರ ಮುಖವನ್ನು ಭಕ್ತಿಯಿಂದ ನೋಡಿದ. “ಮೌನವ್ರತವೇ?”

“ಹೌದು ಮಾರಾಯ,” ಅಂದರು ಭಟ್ಟರು, “ಭಾರೀ ಕಟ್ಟುನಿಟ್ಟಿನದು.”

ಮಹಂತರ ವಿಚಾರಣೆ

ಮಠ ಎಂದರೆ ಊರಾಚೆ ಒಂದು ಬೇವಿನ ತೋಪು. ಮರಗಳ ಕೆಳಗೆ ಗೋಸಾಯಿಗಳ ಹಳೆಯ ಸಮಾಧಿಗಳು, ಒಂದೊಂದರ ಮೇಲೆ ಸಣ್ಣ ಶಿವಲಿಂಗ. ಅದನ್ನು ನೋಡಿ ನನಗೆ ಆ ದಿನ ಮೊದಲ ಸಲ ಉಸಿರು ಸರಾಗವಾಯಿತು. ನಮ್ಮೂರಿನ ಹೊಲದ ಮೂಲೆಯೇ ಎದ್ದು ಬಂದು ಇಲ್ಲಿ ಕೂತ ಹಾಗಿತ್ತು.

ಮಹಂತರು ದಪ್ಪನೆಯ ಆಸಾಮಿ, ಮಾತು ಮೆತ್ತಗೆ. ಬಾ ಹೇಳಿಕಳಿಸಿದ್ದಾಳೆ ಅಂದ ಕೂಡಲೇ ಜಾಗ ತೋರಿಸಿ ಗುಣಿ ತೋಡಿಸಿದರು. ನನ್ನನ್ನು ಪಕ್ಕಕ್ಕೆ ಕರೆದು, ಅಕ್ಕತಂಗಿಯರನ್ನು ಅಲ್ಲಿ ಕರೆಯುವಂತೆ ‘ಬೆನ್’ ಎಂದು, ಒಂದು ಮಾತು ಹೇಳಿದರು.

“ನೋಡು ಬೆನ್, ಇಲ್ಲಿ ಜಾಗ ಕಡಿಮೆ. ಯಾರೂ ಬಂದು ಹೋಗದ ಸಮಾಧಿಯನ್ನು ಕೆಲವು ಕಾಲ ನೋಡಿ ನೆಲಸಮ ಮಾಡಿ ಬೇರೆಯವರಿಗೆ ಕೊಡುತ್ತೇವೆ. ಕಲ್ಲು ನಿಲ್ಲಿಸು. ಬರುತ್ತಿರು. ದೀಪ ಹಚ್ಚುತ್ತಿರು. ಜನ ಬರುವ ತನಕ ಯಾರೂ ಮುಟ್ಟುವುದಿಲ್ಲ.”

ಬರುತ್ತೇನೆ ಎಂದು ತಲೆಯಾಡಿಸಿದೆ. ಆವತ್ತು ಆ ಮಾತು ಎಷ್ಟು ಭಾರದ್ದು ಎಂದು ತಿಳಿದಿರಲಿಲ್ಲ.

ಗುಣಿ ತೋಡುವ ತನಕ ಮಹಂತರು ಕುರ್ಚಿಯ ಪಕ್ಕ ಕೂತು, ಸಂಪ್ರದಾಯದಂತೆ ಬಂದವರ ವಿವರ ಕೇಳಿದರು. ಬಾ ಏನೆಂದು ಹೇಳಿಕಳಿಸಿದ್ದಳೋ, ಅವರು ನಮ್ಮವರನ್ನು ದಕ್ಷಿಣದ ಯಾವುದೋ ಮಠದವರು ಎಂದೇ ತಿಳಿದಿದ್ದರು. ಭಟ್ಟರು ಉತ್ತರ ಹೇಳಿದರು.

“ಇವರ ಗುರುಗಳು ಯಾರು?”

“ಹೆಡ್ ಆಫೀಸಿನವರು.”

“ಸೇವೆ ಏನು ಮಾಡುತ್ತಿದ್ದರು?”

“ಸತ್ತವರ ಮನೆಯವರಿಗೆ ಬರಬೇಕಾದದ್ದನ್ನು ಕೊಡಿಸುತ್ತಿದ್ದರು.”

ಮಹಂತರು ಕಣ್ಣು ಮುಚ್ಚಿ ತಲೆದೂಗಿದರು. “ದೊಡ್ಡ ಕೆಲಸ. ಸಂಸಾರ ಬಿಟ್ಟು ಎಷ್ಟು ಕಾಲವಾಯಿತು?”

ಭಟ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ಇವತ್ತು ಬೆಳಿಗ್ಗೆ ಮಹಾರಾಜ್,” ಅಂದರು ಭಟ್ಟರು.

ನರ್ಮದೆಗೆ ಹೋದ ಛತ್ರಿ

ಕೆಲವು ದಿನಕ್ಕೆ ಬಾ ಬಂದು ಕೂತಳು. “ಅಸ್ಥಿ ಯಾವಾಗ ಒಯ್ಯುತ್ತೀ?”

ಸುಡದಿದ್ದರೆ ಅಸ್ಥಿ ಎಲ್ಲಿಂದ ಬರಬೇಕು? ನಮ್ಮಲ್ಲಿ ನದಿಗೆ ಬಿಡುವುದು ಇಲ್ಲ ಬಾ, ಮಣ್ಣಿಗೆ ಕೊಟ್ಟರೆ ಮುಗಿಯಿತು ಎಂದು ನನಗೆ ಬರುವ ಗುಜರಾತಿಯಲ್ಲಿ ಹೇಳಿದೆ. ಬಾ ಒಪ್ಪಲಿಲ್ಲ. ಆಕೆಗೆ ಅದೊಂದು ಅನ್ಯಾಯವಾಗಿ ಕಂಡಿತ್ತು. “ಪಾಪ, ಅಷ್ಟು ಒಳ್ಳೆಯ ಮನುಷ್ಯನಿಗೆ ಒಂದು ಹನಿ ನರ್ಮದೆ ಬೇಡವಾ?” ಎಂದು ತಾನೇ ಅತ್ತುಬಿಟ್ಟಳು. ನನ್ನ ಗಂಡನಿಗಾಗಿ ಅಳುವ ಇನ್ನೊಬ್ಬಳು ಆ ಊರಿನಲ್ಲಿ ಇದ್ದಳಲ್ಲ, ಆಕೆಯ ಮಾತು ಹೇಗೆ ಮೀರಲಿ? ಹೊರಟೆ.

ಬಾ, ಚಾಳಿನ ಇನ್ನಿಬ್ಬರು ಹೆಂಗಸರು, ನಾನು, ಮಗಳು. ವಡೋದರಾದಲ್ಲಿ ಗಾಡಿ ಬದಲಿಸಿ, ಆಟದ ಸಾಮಾನಿನ ಹಾಗಿದ್ದ ಸಣ್ಣ ರೈಲಿನಲ್ಲಿ ಚಾಂದೋದ್‌ಗೆ ಹೋದೆವು. ದಾರಿಯುದ್ದಕ್ಕೂ ಮೆಂತ್ಯದ ಥೇಪ್ಲಾ ರೊಟ್ಟಿ, ಉಪ್ಪಿನಕಾಯಿ. ಅಸ್ಥಿ ಇಲ್ಲದ್ದಕ್ಕೆ ಅವರ ಯಾವುದಾದರೂ ವಸ್ತು ತಾ ಎಂದು ಬಾ ಹೇಳಿದ್ದಳು. ಕನ್ನಡಕ ಕೊಡಲು ಮನಸ್ಸು ಬರಲಿಲ್ಲ. ಕೈಗಡಿಯಾರ ಮಗಳು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಉಳಿದದ್ದು ಛತ್ರಿ.

ಘಾಟಿನ ಪುರೋಹಿತ ಛತ್ರಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಅಜ್ಜನ ಕಾಲದಿಂದ ಇದೇ ಘಾಟಿನಲ್ಲಿ ಇದ್ದೇವೆ. ಛತ್ರಿಗೆ ಸಂಕಲ್ಪ ಮಾಡಿಸಿದವರು ನೀವೇ ಮೊದಲು. ಗೋತ್ರ?”

“ನಂದಿ ಗೋತ್ರ.”

“ಛತ್ರಿಯದ್ದಲ್ಲ, ಅವರದ್ದು ತಾನೇ?” ಎಂದು ಖಚಿತ ಮಾಡಿಕೊಂಡು ಮಂತ್ರ ಶುರುಮಾಡಿದ.

ದೋಣಿಯಲ್ಲಿ ನಡುನೀರಿಗೆ ಹೋಗಿ ಬಿಟ್ಟೆ. ಮುಳುಗಬೇಕಾಗಿದ್ದ ಛತ್ರಿ ಗಾಳಿಗೆ ಪಟ್ಟೆಂದು ಬಿಚ್ಚಿಕೊಂಡಿತು. ತಲೆಕೆಳಗಾಗಿ ನೀರಿನ ಮೇಲೆ ಕೂತು, ಹಿಡಿಯನ್ನು ಮೇಲೆತ್ತಿಕೊಂಡು, ಸುತ್ತಲೂ ತಿರುಗುತ್ತ ಹೊಳೆಯ ಕೆಳಕ್ಕೆ ಹೋಯಿತು. ಹೆಂಗಸರು “ನರ್ಮದೇ ಹರ್” ಎಂದು ಕೂಗಿದರು. ಮಗಳು “ಅಪ್ಪಾ” ಎಂದು ಒಂದೇ ಸಲ ಕೂಗಿ ನನ್ನ ಸೊಂಟಕ್ಕೆ ಮುಖ ಒತ್ತಿಕೊಂಡಳು. ಛತ್ರಿ ತಿರುವಿನಲ್ಲಿ ಕಾಣದಾಗುವ ತನಕ ನೋಡುತ್ತಿದ್ದೆವು.

ಪುರೋಹಿತ ನಿಟ್ಟುಸಿರು ಬಿಟ್ಟ. “ಬೆನ್, ಎಷ್ಟೋ ಜನರನ್ನು ಕಳಿಸಿದ್ದೇನೆ. ಎಲ್ಲರೂ ಇಲ್ಲೇ ದಡದಲ್ಲಿ ಸುತ್ತುತ್ತಾರೆ. ಹೀಗೆ ಸ್ವಂತ ವಾಹನ ಮಾಡಿಕೊಂಡು ಹೋದವರನ್ನು ನೋಡಿರಲಿಲ್ಲ.”

ಹಲ್ಲುಜ್ಜುವುದಕ್ಕೆ ಚಿತ್ರವಿಲ್ಲ

ಕಲ್ಲು ಮಾಡಿಸಲು ಭಟ್ಟರ ಜೊತೆ ಕಲ್ಲುಕುಟಿಗನ ಹತ್ತಿರ ಹೋದೆ. ಅವನ ಅಂಗಳದಲ್ಲಿ ಎಲ್ಲ ಜಾತಿಯ ಸಾವಿಗೂ ಕಲ್ಲು ಇತ್ತು. ಒಂದು ಕಡೆ ಕಬರಿನ ಕಲ್ಲು, ಒಂದು ಕಡೆ ಶಿಲುಬೆ, ಇನ್ನೊಂದು ಕಡೆ ಸಾಲಾಗಿ ಪಾಳಿಯೋ. ಪಾಳಿಯೋ ಎಂದರೆ ಹೋರಾಡಿ ಸತ್ತವರ ಕಲ್ಲು, ನಮ್ಮ ವೀರಗಲ್ಲಿನ ಹಾಗೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಕುದುರೆ ಏರಿದ ಸವಾರ. ಸೂರ್ಯ ಚಂದ್ರರನ್ನು ನೋಡಿ ನನಗೆ ಗುರುತಿನವರು ಸಿಕ್ಕಂತಾಯಿತು.

“ಸಮಾಧಿಗೆ ಕಲ್ಲು ಬೇಕು,” ಅಂದೆ.

“ಸಾಧುಗಳದ್ದಾದರೆ ಪಾದುಕೆ ಕೆತ್ತಿಕೊಡುತ್ತೇನೆ. ಸಾಧುವೇ?”

“ಅಲ್ಲ. ಗುಮಾಸ್ತರು.”

“ಹಾಗಾದರೆ ಪಾಳಿಯೋ. ಹೇಗೆ ತೀರಿಕೊಂಡರು? ಯುದ್ಧವೇ?”

“ಅಲ್ಲ.”

“ಕಳ್ಳರಿಂದ ಊರ ದನ ಬಿಡಿಸಲು ಹೋದರೇ?”

“ಅಲ್ಲ. ಹಲ್ಲುಜ್ಜುತ್ತಿದ್ದರು.”

ಅವನು ಉಳಿ ಕೆಳಗಿಟ್ಟು ಕಲ್ಲುಗಳ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದ. “ಕುದುರೆ ಇದೆ. ಒಂಟೆ ಇದೆ. ಸಮುದ್ರದಲ್ಲಿ ಹೋದವರಿಗೆ ಹಡಗು ಇದೆ. ಹಲ್ಲುಜ್ಜುವುದಕ್ಕೆ ನಮ್ಮಲ್ಲಿ ಚಿತ್ರವಿಲ್ಲ ಬೆನ್.”

ಪಕ್ಕದಲ್ಲಿ ಇನ್ನೊಂದು ಕಲ್ಲು ಇತ್ತು. ಬಳೆ ತೊಟ್ಟ ಒಂದು ಕೈ, ಮೊಣಕೈಗೆ ಮಡಚಿ ಮೇಲೆತ್ತಿದ್ದು. ಅದೂ ನನಗೆ ಗೊತ್ತು, ನಮ್ಮ ಕಡೆ ಮಾಸ್ತಿಕಲ್ಲು ಅನ್ನುತ್ತೇವೆ. ಗಂಡನ ಜೊತೆ ಚಿತೆಗೆ ಹೋದವಳ ಕಲ್ಲು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವನು ನನ್ನ ಬೋಳು ಕೈಗಳನ್ನು ನೋಡಿದ, ಸಂಕೋಚದಿಂದ ಹೇಳಿದ: “ಅದು ಬೇಡ ಬೆನ್, ನೀವು ಉಳಿದುಬಿಟ್ಟಿದ್ದೀರಲ್ಲ.”

ಉಳಿದುಬಿಟ್ಟಿದ್ದೇನೆ. ಅದನ್ನು ಅಷ್ಟು ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ.

ಕೊನೆಗೆ ಏನೂ ಚಿತ್ರ ಬೇಡ, ಮೇಲೆ ಒಂದು ಲಿಂಗ, ಕೆಳಗೆ ಹೆಸರು ಸಾಕು ಎಂದು ಕಾಗದದ ಮೇಲೆ ಕನ್ನಡದಲ್ಲಿ ದುಂಡಗೆ ಬರೆದುಕೊಟ್ಟೆ. ಅವನು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, “ಚೆನ್ನಾಗಿದೆ,” ಅಂದ.

ಕಲ್ಲು ಸಿದ್ಧವಾದಾಗ ಹೋಗಿ ನೋಡಿದೆವು. ಎಡಗಡೆ ಅವರ ಹೆಸರು, ಒಂದಕ್ಷರ ತಪ್ಪಿಲ್ಲ. ನಡುವೆ ಒಂದು ಹೂ. ಬಲಗಡೆ ಅದೇ ಹೆಸರು ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ.

“ಇದೇನು ಭಾಯಿ?” ಅಂದರು ಭಟ್ಟರು.

“ಬಳ್ಳಿ,” ಅಂದ ಅವನು. “ನೀವು ಒಂದೇ ಪಕ್ಕದ್ದು ಬರೆದುಕೊಟ್ಟಿದ್ದಿರಿ. ಇನ್ನೊಂದು ಪಕ್ಕ ಬಿಟ್ಟರೆ ಕಲ್ಲು ಬೋಳಾಗಿ ಕಾಣುತ್ತದೆ ಅಂತ ನಾನೇ ಪೂರ್ತಿ ಮಾಡಿದೆ.”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಭಟ್ಟರು ಕೋಪದಲ್ಲಿ ಏನೋ ಹೇಳಹೊರಟರು. ನಾನೇ ತಡೆದೆ. “ಇರಲಿ ಬಿಡ್ರೀ ಭಟ್ರೇ. ಈ ಊರಾಗ ಎಡಗಡಿಂದು ಓದೋರು ನಾವಿಬ್ಬರೇ. ಬಲಗಡಿಂದು ಓದೋರು ಅಷ್ಟೂ ಇಲ್ಲ.”

ಸೂರತ್ತಿನ ಗುಮ್ಮಟ

ಊರಿಂದ ಭಾವ ಬಂದರು. “ನಡಿಯವ್ವಾ, ಇಲ್ಲೇನದ ನಿನಗ? ಊರಾಗ ಎರಡು ಹೊತ್ತಿನ ರೊಟ್ಟಿಗೆ ಕಡಿಮಿ ಇಲ್ಲ,” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ನಾನು ಹೋದರೆ ಆ ಕಲ್ಲಿನ ಹತ್ತಿರ ಬರುವವರು ಯಾರು? ಅಷ್ಟರಲ್ಲಿ ಕಚೇರಿಯವರು ನನಗೇ ಒಂದು ಕೆಲಸ ಕೊಡುತ್ತೇವೆ ಅಂದರು. ಮೆಟ್ರಿಕ್ ಆಗಿತ್ತು, ಒಪ್ಪಿಕೊಂಡೆ. ಪ್ರತಿ ಸೋಮವಾರ ಸಂಜೆ ತೋಪಿಗೆ ಹೋಗಿ ದೀಪ ಹಚ್ಚುತ್ತಿದ್ದೆ. ಹಾಗಿರುವಾಗಲೇ ಸೂರತ್ತಿಗೆ ವರ್ಗ ಮಾಡಿದರು.

ಸೂರತ್ತಿನಲ್ಲಿ ಮನೆ ಹಳೆಯ ಊರಿನೊಳಗೆ. ತಾಪಿ ಹೊಳೆಯ ಆಚೆಯ ಅಡಾಜಣ್ ಆಗ ಬರೀ ಹೊಲ. ಸಂಜೆ ಕಿಟಕಿಯಲ್ಲಿ ನಿಂತು ಮಹಂತರ ಮಾತು ನೆನೆಯುತ್ತಿದ್ದೆ. ಯಾರೂ ಬಂದು ಹೋಗದ ಸಮಾಧಿ ನೆಲಸಮ. ರಜೆ ಸಿಕ್ಕಾಗ ಓಡುತ್ತಿದ್ದೆ. ಆದರೆ ರಜೆ ಎಲ್ಲಿ ಸಿಗುತ್ತಿತ್ತು?

ಒಂದು ಭಾನುವಾರ ಮಗಳು, “ಅಮ್ಮಾ, ನಮ್ಮ ಟೀಚರ್ ಹೇಳಿದರು, ಇಲ್ಲಿ ದೊಡ್ಡ ದೊಡ್ಡ ಗೋರಿಗಳಿವೆಯಂತೆ,” ಎಂದು ಎಳೆದುಕೊಂಡು ಹೋದಳು. ನಿಜವಾಗಿಯೂ ಅರಮನೆಯಂಥ ಗೋರಿಗಳು. ಕಂಬ, ಕಮಾನು, ಗುಮ್ಮಟದ ಮೇಲೆ ಗುಮ್ಮಟ. ಅವುಗಳ ನೆರಳಿನಲ್ಲಿ ಆಡು ಮೇಯುತ್ತಿದ್ದವು. ಒಂದು ಕಮಾನಿಗೆ ಯಾರೋ ಸೀರೆ ಒಣಹಾಕಿದ್ದರು. ಬಾಗಿಲಲ್ಲಿ ಒಬ್ಬ ಮುದುಕ ಕಾವಲುಗಾರ ಬೀಡಿ ಸೇದುತ್ತ ಕೂತಿದ್ದ.

“ಇವರು ಯಾವ ರಾಜರು ಕಾಕಾ?”

“ರಾಜರೆಲ್ಲಿ ಬಂತು? ವಿಲಾಯಿತಿಯ ಕಂಪನಿಯವರು. ಬಟ್ಟೆ ಖರೀದಿಗೆ ಬಂದರು, ಜ್ವರ ಬಂತು, ಹೋದರು.”

“ಯಾರಾದರೂ ಬರುತ್ತಾರಾ ನೋಡಲು?”

“ನೀವೇ ಬಂದಿದ್ದೀರಲ್ಲ.”

ನಾನು ಗೋಡೆಯ ಮೇಲಿನ ಬರಹದ ಮುಂದೆ ನಿಂತೆ. ಅಕ್ಷರ ಇಂಗ್ಲಿಷಿನವು, ಮಾತು ಬೇರೆ ಯಾವುದೋ, ಮಗಳಿಗೂ ಓದಲು ಬರಲಿಲ್ಲ. ಅದೂ ಯಾರೋ ಒಬ್ಬಳು ಬರೆದುಕೊಟ್ಟದ್ದೇ ಇರಬೇಕು. ಅಷ್ಟು ದೊಡ್ಡ ಗುಮ್ಮಟ ಕಟ್ಟಿದರೂ ಆಡುಗಳಿಗೆ ನೆರಳಾಯಿತು, ಅಷ್ಟೇ. ನನ್ನ ಒಂದು ಮೊಳದ ಕಲ್ಲು ಯಾವ ಲೆಕ್ಕ ಎಂದು ಕಣ್ಣು ತುಂಬಿತು.

ಕಾವಲುಗಾರ ನೋಡಿದ. “ಯಾಕೆ ಬೆನ್, ನಿಮ್ಮ ಕಡೆಯವರಾ?” ಎಂದು ಕೇಳಿದ. ನಾನು ನಮ್ಮವರ ಸಂಗತಿ ಹೇಳಿದೆ. ಅವರೂ ಕಂಪನಿಯವರೇ, ಅವರೂ ದೂರದಿಂದ ಬಂದವರೇ ಅಂದೆ.

“ಹಾಗಾದರೆ ಅವರಿಗೂ ಕಂಪನಿ ಗುಮ್ಮಟ ಕಟ್ಟಿಸಬೇಕಿತ್ತಲ್ಲ?”

“ಅದು ವಿಮೆಯ ಕಂಪನಿ ಕಾಕಾ,” ಅಂದೆ. “ಸತ್ತರೆ ಗುಮ್ಮಟ ಕಟ್ಟುವುದಿಲ್ಲ. ಸತ್ತದ್ದು ನಿಜವೇ ಎಂದು ಕೇಳುತ್ತದೆ.”

ಎಮ್ಮೆ ಹುಡುಕಿಕೊಟ್ಟ ಬಾಪು

ಒಂದು ವರ್ಷ ಮಗಳಿಗೆ ಟೈಫಾಯಿಡ್ ಆಯಿತು, ಆಮೇಲೆ ತಾಪಿಯ ನೀರು ಓಣಿಯೊಳಗೆ ನುಗ್ಗಿತು. ಬಹಳ ತಿಂಗಳು ಅಹಮದಾಬಾದಿಗೆ ಹೋಗಲಾಗಲಿಲ್ಲ. ಕೊನೆಗೆ ಹೊರಟಾಗ ರೈಲಿನಲ್ಲಿ ಕೂತ ಅಷ್ಟೂ ಹೊತ್ತು ಒಂದೇ ಯೋಚನೆ. ಕಲ್ಲು ಇದೆಯೋ, ಕಿತ್ತು ಹಾಕಿದ್ದಾರೋ?

ತೋಪಿನ ಹತ್ತಿರ ಬಂದಾಗ ನಮ್ಮವರ ಸಮಾಧಿಯ ಸುತ್ತ ಜನ. ಅಗೆಯುತ್ತಿದ್ದಾರೆ ಅಂದುಕೊಂಡು ಓಡಿದೆ. ನೋಡಿದರೆ ಹೆಂಗಸರ ಸಾಲು. ಕಲ್ಲಿಗೆ ಸಿಂಧೂರ. ಪಕ್ಕದಲ್ಲಿ ಕೇಸರಿ ಬಾವುಟ. ಒಡೆದ ತೆಂಗಿನಕಾಯಿ, ಅಗರಬತ್ತಿಯ ಹೊಗೆ.

ಮಹಂತರು ನಗುತ್ತ ಬಂದರು. “ಇತ್ತ ಬಾ ಬೆನ್, ನೋಡು ನಿನ್ನ ಯಜಮಾನರ ವೈಭವ. ಒಬ್ಬಳ ಎಮ್ಮೆ ಕಳೆದುಹೋಗಿತ್ತು. ಈ ಕಲ್ಲಿಗೆ ಒರಗಿ ಕೂತು ಅಳುತ್ತಿದ್ದಳು. ಎಮ್ಮೆ ತಾನಾಗಿ ಬಂದು ಅವಳ ಹಿಂದೆ ನಿಂತಿತು. ಅಲ್ಲಿಂದ ಶುರು. ಕರ್ಣಾಟಕಿ ಬಾಪು ಅನ್ನುತ್ತಾರೆ. ಕಳೆದದ್ದು ಹುಡುಕಿಕೊಡುತ್ತಾರಂತೆ. ಆ ಬಳ್ಳಿಯಂಥ ಅಕ್ಷರ ಇದೆಯಲ್ಲ, ಅದು ಮಂತ್ರವಂತೆ. ಎಡದಿಂದ ಬಲಕ್ಕೆ ಓದಿದರೂ ಬಲದಿಂದ ಎಡಕ್ಕೆ ಓದಿದರೂ ಒಂದೇ.”

ನನಗೆ ಮೊದಲು ಸಿಟ್ಟು ಬಂತು. ಮನೆಯಲ್ಲಿ ತಮ್ಮ ಚಪ್ಪಲಿ ತಮಗೆ ಸಿಗದೆ, “ಏ ಇವಳೇ, ನೋಡೇ ಇಲ್ಲಿ,” ಎಂದು ಕೂಗುತ್ತಿದ್ದ ಮನುಷ್ಯ ಇವರಿಗೆ ಎಮ್ಮೆ ಹುಡುಕಿಕೊಡುತ್ತಾರಾ? ಮುಂದೆ ಹೋಗಲು ನೋಡಿದರೆ ಸಾಲಿನ ಹೆಂಗಸರು ಬಿಡಲಿಲ್ಲ. “ಹಿಂದೆ ನಿಲ್ಲು ಬೆನ್, ಎಲ್ಲರದ್ದೂ ಕಳೆದಿದೆ.” ನಿಂತೆ. ನನ್ನ ಗಂಡನ ಹತ್ತಿರ ಹೋಗಲು ಸಾಲಿನಲ್ಲಿ ನಿಂತೆ.

ನನ್ನ ಮುಂದೆ ಒಬ್ಬ ಹಾಲು ಮಾರುವವಳು. ಅವಳದ್ದು ಬೆಳ್ಳಿಯ ಕಾಲ್ಗಡಗ ಕಳೆದಿತ್ತು. ತಿರುಗಿ ನನ್ನನ್ನು ಪ್ರೀತಿಯಿಂದ ಕೇಳಿದಳು. “ನಿನ್ನದೇನು ಕಳೆಯಿತು ಬೆನ್?”

ಕಲ್ಲಿನ ಕಡೆ ಕೈ ತೋರಿಸಿದೆ. “ಇವರೇ,” ಅಂದೆ. “ನನ್ನ ಯಜಮಾನರು.”

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು, ಎರಡೂ ಕೈ ಎತ್ತಿ ಸಾಲಿಗೆಲ್ಲ ಕೇಳುವ ಹಾಗೆ ಕೂಗಿದಳು. “ನೋಡಿದಿರಾ! ಈಕೆಯ ಗಂಡ ಕಳೆದುಹೋಗಿದ್ದ. ಬಂದು ನಿಂತ ಕೂಡಲೇ ಬಾಪು ಹುಡುಕಿಕೊಟ್ಟುಬಿಟ್ಟರು!”

ಸಾಕ್ಷಿ

ಅರವತ್ತರ ದಶಕದ ಕೊನೆಯ ಹೊತ್ತಿಗೆ ವಟ್ವಾ ಕಡೆ ಕಾರ್ಖಾನೆಗಳು ಬರತೊಡಗಿದವು. ಲಾರಿ ಓಡಾಡಲು ರಸ್ತೆ ಅಗಲ ಮಾಡಬೇಕಾಯಿತು. ಅಳತೆಯವರು ಗೂಟ ಹೊಡೆಯುತ್ತ ಬಂದು ಒಂದು ಗೂಟವನ್ನು ಸರಿಯಾಗಿ ನಮ್ಮವರ ಕಲ್ಲಿನ ಪಕ್ಕಕ್ಕೆ ಹೊಡೆದರು. ಭಟ್ಟರು ಸೂರತ್ತಿಗೆ ತಂತಿ ಕೊಟ್ಟರು, ಕೂಡಲೇ ಬನ್ನಿ ಎಂದು.

ಹೋದಾಗ ಇಂಜಿನಿಯರರು ಬಂದಿದ್ದರು. ನಡುವಯಸ್ಸಿನ, ಬಿಸಿಲಿಗೆ ಬೇಸತ್ತ ಮನುಷ್ಯ. ಅವರ ಮಾತು ಸ್ಪಷ್ಟವಾಗಿತ್ತು. ಸಂತರ ಸಮಾಧಿಯಾದರೆ ಜನರ ನಂಬಿಕೆ, ರಸ್ತೆಯನ್ನು ಸ್ವಲ್ಪ ಬಳಸಿ ಒಯ್ಯಬಹುದು. ಸಾಮಾನ್ಯರದ್ದಾದರೆ ಕಲ್ಲು ತೆಗೆಯಬೇಕು. ಹೆಂಗಸರೆಲ್ಲ ಸಂತರೇ ಎನ್ನುತ್ತಿದ್ದರು. ಆದರೆ ಯಾರೋ ಇಂಜಿನಿಯರರ ಕಿವಿಗೆ ಹಾಕಿದ್ದರು, ಇವರ ಹೆಂಡತಿ ಇದ್ದಾಳೆ, ಅವಳನ್ನೇ ಕೇಳಿ ಎಂದು.

ಮಹಂತರು ನನ್ನನ್ನು ಮರದ ಹಿಂದೆ ಕರೆದು ಹೇಳಿದರು. “ಒಂದು ಮಾತು ಸಾಕು, ಹೌದು ಅನ್ನು. ಅದೂ ಆಗದಿದ್ದರೆ ಅಳು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.”

ಭಟ್ಟರೂ ಅದನ್ನೇ ಹೇಳಿದರು. “ಹೌದು ಅಂದ್ಬಿಡಿ ಅಕ್ಕ. ಯಾರಿಗೆ ನಷ್ಟ ಉಂಟು?”

ಹೌದು ಅನ್ನಬೇಕೆಂದೇ ಹೋಗಿ ನಿಂತೆ. ಕಾಲಿನ ಕೆಳಗೆ ಅವರು ಕೂತಿದ್ದಾರೆ. ಜೀವಮಾನದಲ್ಲಿ ಒಂದು ಸುಳ್ಳು ಅಂಕಿ ಬರೆಯದ ಮನುಷ್ಯ. ಅವರ ಹೆಸರು ಉಳಿಸಿಕೊಳ್ಳಲು ಅವರ ನೆತ್ತಿಯ ಮೇಲೆ ನಿಂತು ಅವರಲ್ಲದ ಯಾರನ್ನೋ ಹೇಳಿದರೆ, ಉಳಿಯುವುದು ಯಾರ ಕಲ್ಲು?

“ಹೇಳಿ ಬೆನ್,” ಅಂದರು ಇಂಜಿನಿಯರರು. “ನಿಮ್ಮ ಯಜಮಾನರು ಸಂತರಾಗಿದ್ದರೇ?”

“ಇಲ್ಲ ಸಾಹೇಬ್,” ಅಂದೆ. “ಗುಮಾಸ್ತರು. ಹಸಿವಾದರ ಸಿಡುಕೋರು. ಚಾದಾಗ ಸಕ್ಕರಿ ಕಡಿಮಿ ಆದ್ರ ಮಾತು ಬಿಡೋರು. ಸಂತರಲ್ಲ.” ಆತಂಕದಲ್ಲಿ ಅರ್ಧ ಕನ್ನಡದಲ್ಲೇ ಹೇಳಿದ್ದೆ. ಭಟ್ಟರು ತಲೆ ಮೇಲೆ ಕೈಹೊತ್ತುಕೊಂಡು ಅದನ್ನು ಗುಜರಾತಿ ಮಾಡಿದರು. ನಾನು ಕಲ್ಲನ್ನು ತಬ್ಬಿಕೊಂಡು ಕೂತುಬಿಟ್ಟೆ. ಹೋಯಿತು, ನನ್ನ ಬಾಯಿಂದಲೇ ಹೋಯಿತು ಅಂದುಕೊಂಡೆ.

ಆಮೇಲೆ ಆ ಹಾಲು ಮಾರುವವಳು ಸೊಂಟಕ್ಕೆ ಕೈಕೊಟ್ಟು ಮುಂದೆ ಬಂದಳು.

“ಸಾಹೇಬ್, ಇದೆಂಥ ವಿಚಾರಣೆ? ಗಂಡ ಎಂಥವನು ಎಂದು ಹೆಂಡತಿಯನ್ನು ಕೇಳುತ್ತಾರಾ ಯಾರಾದರೂ? ಊರೆಲ್ಲ ಕೈಮುಗಿಯುವ ಮನುಷ್ಯನಾದರೂ ಮನೆಯಲ್ಲಿ ಅವಳಿಗೆ ಸಿಡುಕನೇ! ಗಂಡ ದೊಡ್ಡವನು ಎಂದು ಒಪ್ಪಿದ ಒಬ್ಬ ಹೆಂಡತಿಯನ್ನು ತೋರಿಸಿ, ನಾವೇ ಕಲ್ಲು ಕಿತ್ತು ಕೊಡುತ್ತೇವೆ!”

“ತೋರಿಸಿ, ತೋರಿಸಿ,” ಎಂದು ಹೆಂಗಸರೆಲ್ಲ ಎದ್ದರು. “ನನ್ನ ಗಂಡ ಊರ ಪಂಚಾಯಿತಿಗೆ ಮುಖ್ಯಸ್ಥ, ನನ್ನನ್ನು ಕೇಳಿ ನೋಡಿ ಏನು ಹೇಳುತ್ತೇನೆ ಎಂದು!” ಅಂದಳು ಒಬ್ಬಳು.

ಇಂಜಿನಿಯರರು ಟೊಪ್ಪಿ ತೆಗೆದು ಬೆವರು ಒರೆಸಿಕೊಂಡರು. ಹಿಂದೆ ನಿಂತಿದ್ದ ಸಹಾಯಕನ ಕಡೆ ತಿರುಗಿ ನಿಧಾನವಾಗಿ ಹೇಳಿದರು.

“ಬರೆದುಕೊಳ್ಳಪ್ಪ. ಹೆಂಡತಿಯ ಸಾಕ್ಷಿ ನಂಬಲರ್ಹವಲ್ಲ. ನಾನು ಮನೆಗೆ ಹೋಗಿ ನನ್ನ ಬಗ್ಗೆ ಕೇಳಿದರೂ ಇಷ್ಟೇ ಬರುತ್ತದೆ.”

ಗೂಟ ಕಿತ್ತು ಆಚೆಗೆ ಹೊಡೆದರು. ನಾನು ಕಲ್ಲಿಗೆ ಹಣೆಯಿಟ್ಟು ಕೂತಲ್ಲಿಯೇ ನಗತೊಡಗಿದೆ. ನಮ್ಮವರು ತೀರಿಕೊಂಡ ಮೇಲೆ ಸೆರಗು ಅಡ್ಡ ಇಲ್ಲದೆ ನಕ್ಕದ್ದು ಅದೇ ಮೊದಲು. ನಗುನಗುತ್ತ ಅದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಹೆಂಗಸರು ಬೆನ್ನು ಸವರುತ್ತ, “ಬಾಪುವಿನ ಮಾಯೆ ಮೈಮೇಲೆ ಬಂತು,” ಎನ್ನುತ್ತಿದ್ದರು.

ಈಗ ನಾನು ವಡೋದರಾದಲ್ಲಿ ಮಗಳ ಜೊತೆ ಇದ್ದೇನೆ. ವರ್ಷಕ್ಕೊಮ್ಮೆ ಹೋಗಿಬರುತ್ತೇನೆ. ರಸ್ತೆ ಅಲ್ಲಿ ಇವತ್ತಿಗೂ ಸೊಟ್ಟ. ತಿರುವು ಬಂದ ಕೂಡಲೇ ಬಸ್ಸಿನವನು ವೇಗ ತಗ್ಗಿಸುತ್ತಾನೆ, ಹಾರ್ನ್ ಒತ್ತುತ್ತಾನೆ, ಸ್ಟೇರಿಂಗಿನಿಂದ ಒಂದು ಕೈ ಎತ್ತಿ ಹಣೆಗೆ ಮುಟ್ಟಿಸಿಕೊಳ್ಳುತ್ತಾನೆ. ನಮ್ಮವರು ಬದುಕಿದ್ದಷ್ಟು ದಿನವೂ ಊಟದ ಡಬ್ಬಿ ಹಿಡಿದುಕೊಂಡು ಬಸ್ಸಿನ ಹಿಂದೆ “ನಿಲ್ಸಪ್ಪಾ, ನಿಲ್ಸಪ್ಪಾ” ಎಂದು ಓಡಿದವರು. ಒಬ್ಬನೂ ನಿಲ್ಲಿಸಿದ್ದಿಲ್ಲ.